ಗೆರೆಯ ಮೇಲೆ ಕುರ್ಚಿ ಹಾಕಿದವರು

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಕೈಕೈ ಮಿಲಾಯಿಸಿದರೆ ಕೆಲವರು ಬಿಡಿಸಲು ಹೋಗುತ್ತಾರೆ, ಉಳಿದವರು ಸುಮ್ಮನೆ ನಿಂತು ನೋಡುತ್ತಾರೆ. ಹವಾಲ್ದಾರ್ ತಿಪ್ಪೇಸ್ವಾಮಿ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದರು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೇರ ಹೊಡೆದಾಡುವವರ ನಡುವೆ ಹೋಗಿ, ಎದುರಿನ ಅಂಗಡಿಯ ಬೋರ್ಡು ಓದುವವರಂತೆ ನಿಂತುಬಿಡುತ್ತಿದ್ದರು. ಯಾರನ್ನೂ ಹಿಡಿಯುತ್ತಿರಲಿಲ್ಲ, ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಒಮ್ಮೆ ಇಬ್ಬರು ಆಟೋದವರ ಜಗಳದಲ್ಲಿ ಹೀಗೆ ನಿಂತಾಗ ಒಬ್ಬನ ಏಟು ಇವರ ಕಿವಿಗೆ ಬಿದ್ದು ಕನ್ನಡಕ ಹಾರಿತು. ಆಗಲೂ ಕೈ ಮುಂದಕ್ಕೆ ಬರಲಿಲ್ಲ. ಹೊಡೆದವನೇ ಗಾಬರಿಬಿದ್ದು ಕನ್ನಡಕ ಎತ್ತಿ ಒರೆಸಿಕೊಟ್ಟ. ಜಗಳ ಯಾತಕ್ಕೆ ಶುರುವಾಯಿತೆಂಬುದೇ ಇಬ್ಬರಿಗೂ ಮರೆತುಹೋಯಿತು. ನಾನು ಅವರನ್ನು ಈಚೆ ಎಳೆದುಕೊಂಡು ಬಂದು, "ಬಿಡಿಸೋದಾದ್ರೆ ಬಿಡಿಸ್ರಿ, ಇಲ್ಲಾಂದ್ರೆ ದೂರ ಇರ್ರಿ. ಇದೇನ್ರಿ ಇದು?" ಎಂದು ರೇಗಿದೆ.

"ನಾನೇನ್ ಮಾಡಿದ್ನಲೇ? ನಿಂತಿದ್ದೆ ಅಷ್ಟೇ," ಎಂದರು.

ಅವರ ಊರು ಉಳ್ಳಾರ್ತಿ ಕಾವಲಿನ ಅಂಚಿನ ಒಂದು ಹಟ್ಟಿ. ಮಿಲಿಟರಿಯಿಂದ ನಿವೃತ್ತರಾಗಿ ಬಂದು ಚಳ್ಳಕೆರೆಯಲ್ಲಿ, ನಮ್ಮ ಅಂಗಡಿಯ ಹಿಂದಿನ ಬೀದಿಯಲ್ಲಿ ಮನೆ ಮಾಡಿದ್ದರು. ನೌಕರಿಯ ಕೊನೆಯ ಕಾಲದಲ್ಲಿ ಅವರನ್ನು ಆಫ್ರಿಕಾದ ಯಾವುದೋ ದೇಶಕ್ಕೆ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿ ಕಳಿಸಿದ್ದರಂತೆ. ಎರಡು ಪಂಗಡಗಳು ಕಾದಾಡುವ ಕಡೆ ನಡುವೆ ನಿಲ್ಲುವ ಕೆಲಸ. ನಿಲ್ಲಬೇಕು, ತಮ್ಮ ಮೇಲೆ ಗುಂಡು ಬೀಳುವವರೆಗೆ ಗುಂಡು ಹಾರಿಸುವಂತಿಲ್ಲ. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಆ ದೇಶದ ಹೆಸರನ್ನು ಕೂಡ ನಮಗೆ ಹೇಳಲಿಲ್ಲ.

ನಮ್ಮದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ಕೆಲಸ. ಅಬ್ಬಾ ತೀರಿಕೊಂಡ ಮೇಲೆ ನಾನೂ ನಮ್ಮಣ್ಣ ಇಕ್ಬಾಲನೂ ನಡೆಸುತ್ತಿದ್ದೆವು. ಬೆಳಗ್ಗೆ ಷಟರ್ ಎತ್ತುವ ಹೊತ್ತಿಗೆ ಹವಾಲ್ದಾರರು ಪೇಪರ್ ಹಿಡಿದು ನಮ್ಮ ಬೆಂಚಿನ ಮೇಲೆ ಹಾಜರು. ಉಕ್ರೇನ್ ಯುದ್ಧ ಶುರುವಾದಾಗಿನಿಂದ ಆ ಬೆಂಚು ಬೆಂಚಾಗಿ ಉಳಿಯಲಿಲ್ಲ. ಟೀ ತರುವವನಿಂದ ಹಿಡಿದು ಮೋಟಾರ್ ಹೊತ್ತು ತರುವವನವರೆಗೆ ಎಲ್ಲರಿಗೂ ಒಂದೊಂದು ಪಕ್ಷ. ಒಬ್ಬನಿಗೆ ಅಮೇರಿಕಾ, ಒಬ್ಬನಿಗೆ ರಷ್ಯಾ, ಒಬ್ಬನಿಗೆ ಇಬ್ಬರೂ ಹೊಡೆದಾಡಿ ಸಾಯಲಿ ಎಂಬ ಆಸೆ. ನನ್ನ ಮಾತು ಒಂದೇ: ಎಲ್ಲಿ ಅನ್ಯಾಯ ನಡೆಯುತ್ತದೋ ಅಲ್ಲಿಗೆ ಶಕ್ತಿ ಇದ್ದವನು ನುಗ್ಗಬೇಕು, ಬಾರಿಸಬೇಕು, ಸರಿ ಮಾಡಿ ಬರಬೇಕು.

"ನುಗ್ಗಾದು ಸುಲಭ ಕಣೋ ಅನ್ವರ," ಎನ್ನುತ್ತಿದ್ದರು. "ಯಾರನ್ನ ಕೇಳಿ ಹೋದೆ? ಯಾವಾಗ ವಾಪಸ್ ಬರ್ತೀಯ? ಇವೆರಡು ಹೇಳು ಸಾಕು."

"ಹಂಗಾದ್ರೆ ಸಾಯೋರನ್ನ ನೋಡ್ತಾ ಕೂರಬೇಕಾ?"

"ಅದೂ ಆಗಲ್ಲ."

"ಮತ್ತೇನ್ ಮಾಡ್ಬೇಕು ಹೇಳ್ರಿ."

"ಅದೇ ಗೊತ್ತಿಲ್ಲ."

ಇಷ್ಟು ವರ್ಷ ಬಂದೂಕು ಹಿಡಿದ ಮನುಷ್ಯ, ಸಮುದ್ರ ದಾಟಿ ಯುದ್ಧ ನೋಡಿ ಬಂದವರು, ಗೊತ್ತಿಲ್ಲ ಎನ್ನುತ್ತಾರೆ. ಸುಟ್ಟ ಮೋಟಾರ್ ಮುಂದಿಟ್ಟುಕೊಂಡು ಗಿರಾಕಿಗೆ ನಾನು ಗೊತ್ತಿಲ್ಲ ಎಂದರೆ ಮಾರನೆಯ ದಿನ ಅಂಗಡಿ ಮುಚ್ಚಬೇಕಾಗುತ್ತದೆ. ಅವರಿಗೆ ಮಾತ್ರ ಆ ಉತ್ತರ ಹೇಳಲು ಒಂದು ದಿನವೂ ನಾಚಿಕೆಯಾಗಲಿಲ್ಲ.

ನಮ್ಮ ಬೀದಿಯಲ್ಲೇ ಎರಡು ಎಣ್ಣೆ ಮಿಲ್ಲುಗಳಿದ್ದವು, ಮೇಲಿನದೊಂದು, ಕೆಳಗಿನದೊಂದು. ಶೇಂಗಾ ವ್ಯಾಪಾರದಲ್ಲಿ ಯಾರು ದೊಡ್ಡವರೆಂದು ಎರಡೂ ಕಡೆಯ ಧಣಿಗಳಿಗೆ ಹಟ. ಒಬ್ಬ ಹೊಸ ಲಾರಿ ತಂದರೆ ಇನ್ನೊಬ್ಬನಿಗೆ ಊಟ ಸೇರುತ್ತಿರಲಿಲ್ಲ. ಹವಾಲ್ದಾರರು ಮೇಲಿನದಕ್ಕೆ ಅಮೇರಿಕಾ, ಕೆಳಗಿನದಕ್ಕೆ ರಷ್ಯಾ ಎಂದು ಹೆಸರಿಟ್ಟಿದ್ದರು. ನಾವು ನಕ್ಕೆವು. ನಗಬಾರದಿತ್ತು. ಮೇಲಿನ ಮಿಲ್ಲಿನವರು ಒಂದು ದಿನ ಅಣ್ಣನನ್ನು ಕರೆದು, "ನೀನು ಬೇರೆ ಆಗು, ನಮ್ಮ ಮೋಟಾರೆಲ್ಲ ನಿನಗೇ," ಎಂದರು. ಅದು ತಿಳಿದ ಕೆಳಗಿನವರು ಅದನ್ನೇ ನನಗೆ ಹೇಳಿದರು. ಅವರಿಗೆ ನಮ್ಮ ಮೇಲೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಒಬ್ಬನ ಹತ್ತಿರ ಒಬ್ಬ ಮೆಕ್ಯಾನಿಕ್ ಇದ್ದರೆ ಇನ್ನೊಬ್ಬನ ಹತ್ತಿರವೂ ಇರಬೇಕು, ಅಷ್ಟೇ. ಇದು ನನಗೀಗ ಚೆನ್ನಾಗಿ ಅರ್ಥವಾಗುತ್ತದೆ. ಆಗ ತಲೆಯಲ್ಲಿ ಮಣ್ಣು ತುಂಬಿತ್ತು.

ಅಂಗಡಿಯ ನಡುವೆ ಸುಣ್ಣದ ಗೆರೆ ಎಳೆದೆವು. ಎಡಕ್ಕೆ ಅಣ್ಣ, ಬಲಕ್ಕೆ ನಾನು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ ಎಂದಿದ್ದ ನಮ್ಮ ಬಾಳಿನಲ್ಲಿ ಈಗ ಎರಡೂ ಮಾತು ನಿಂತುಹೋದವು. ಎಲ್ಲ ಸಾಮಾನನ್ನೂ ಹಂಚಿಕೊಂಡೆವು. ಹಂಚಲಾಗದೆ ಉಳಿದದ್ದು ಅಬ್ಬಾ ತಂದ ತಂತಿ ಸುತ್ತುವ ಮಿಷನ್ ಒಂದೇ. ಬೀಡು ಕಬ್ಬಿಣದ್ದು, ಇಬ್ಬರು ಹಿಡಿದರೆ ಮಾತ್ರ ಅಲುಗುವಷ್ಟು ಭಾರ. ಅದು ಸರಿಯಾಗಿ ಗೆರೆಯ ಮೇಲೆ ಕೂತಿತ್ತು.

ಮಾರನೆಯ ಬೆಳಗ್ಗೆ ಹವಾಲ್ದಾರರು ಬೆಂಚಿನ ಮೇಲೆ ಕೂರಲಿಲ್ಲ. ಮನೆಯಿಂದ ಒಂದು ಕಬ್ಬಿಣದ ಮಡಚುವ ಕುರ್ಚಿ ತಂದು, ಮಿಷನ್ ಪಕ್ಕದಲ್ಲಿ, ಎರಡು ಕಾಲು ಅಣ್ಣನ ಕಡೆ ಎರಡು ಕಾಲು ನನ್ನ ಕಡೆ ಬರುವ ಹಾಗೆ ಹಾಕಿಕೊಂಡು ಕೂತರು. "ಮಿಷನ್ ಇಬ್ರದೂ. ಮಧ್ಯಾಹ್ನದ ತನಕ ಅವಂದು, ಆಮೇಲೆ ನಿಂದು," ಎಂದು ಕೈಗಡಿಯಾರ ನೋಡಿಕೊಂಡರು. ಇದನ್ನು ಯಾರು ಇವರನ್ನು ಕೇಳಿದ್ದರು? ಯಾರೂ ಕೇಳಿರಲಿಲ್ಲ. ದಿನಾ ನನಗೆ ಪಾಠ ಹೇಳುತ್ತಿದ್ದವರು ತಾವೇ ಕರೆಯದೆ ಬಂದು ಕೂತಿದ್ದರು.

ಎರಡು ತಿಂಗಳು ಹಾಗೆ ನಡೆಯಿತು. ಆ ಎರಡು ತಿಂಗಳಲ್ಲಿ ನನ್ನ ತಲೆ ಎಷ್ಟು ಸಲ ಕೆಟ್ಟಿತೋ ದೇವರೇ ಬಲ್ಲ. ಒಂದು ಶುಕ್ರವಾರ ಅಣ್ಣ ಬೇಗನೆ ನಮಾಜಿಗೆ ಹೋಗಿದ್ದ. ಮಿಷನ್ ಖಾಲಿ. ನನಗೆ ಕೆಳಗಿನ ಮಿಲ್ಲಿನ ಮೋಟಾರ್ ಅವಸರ. ನಾನು ಹಿಡಿಕೆಗೆ ಕೈ ಹಾಕಿದರೆ ಹವಾಲ್ದಾರರು ಎದ್ದು ನಡುವೆ ನಿಂತರು, ಕೈ ಬೆನ್ನ ಹಿಂದೆ.

"ಅವನಿಲ್ವಲ್ರಿ."

"ಟೈಮು ಅವಂದೈತೆ."

ಅವರನ್ನು ತಳ್ಳಿ ಸುತ್ತಬಹುದಿತ್ತು. ಕೈಕಟ್ಟಿ ನಿಂತವರನ್ನು ತಳ್ಳುವುದು ಹೇಗೆ? ಅವರು ಅಣ್ಣನ ಕಡೆಯವರು ಎಂದು ಆವತ್ತು ತೀರ್ಮಾನಿಸಿದೆ. ಅಣ್ಣ ಅವರನ್ನು ನನ್ನ ಕಡೆಯವರೆಂದು ಮೊದಲೇ ತೀರ್ಮಾನಿಸಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಅಣ್ಣ ಮಸೀದಿಯಿಂದ ಬರುತ್ತಲೇ ನಾನು ಕೂಗಾಡಿದೆ. "ನಿಮ್ಮನ್ನ ಇಲ್ಲಿಗೆ ಕರೆದೋರು ಯಾರು? ಎದ್ದು ಹೋಗ್ರಿ."

ಅವರು ನನ್ನನ್ನು ನೋಡಿದರು, ಅಣ್ಣನನ್ನು ನೋಡಿದರು. "ಒಬ್ಬ ಹೇಳಿದ್ರೆ ಹೋಗಲ್ಲ. ಇಬ್ರೂ ಹೇಳ್ರಿ, ಹೋಗ್ತೀನಿ."

ಎರಡು ತಿಂಗಳ ನಂತರ ನಾನು ಅಣ್ಣನ ಮುಖ ನೋಡಿ ಮಾತಾಡಿದೆ. "ಹೇಳ್ ಭಾಯ್," ಎಂದೆ. "ಹೌದ್ರಿ, ಹೋಗ್ರಿ," ಎಂದ ಅಣ್ಣ. ಅಷ್ಟು ದಿನದಲ್ಲಿ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ. ಹವಾಲ್ದಾರರು ಕುರ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು.

ಒಂದು ವಾರ ಕೂಡ ಆಗಿರಲಿಲ್ಲ. ಮಿಷನ್ ತನ್ನ ಕಡೆ ಇರಲಿ ಎಂದು ಅಣ್ಣ ಎಳೆದ, ನನ್ನ ಕಡೆ ಇರಲಿ ಎಂದು ನಾನು ಎಳೆದೆ. ಬೀದಿಯ ಜನ ನೋಡುತ್ತಿದ್ದರು, ಎರಡೂ ಮಿಲ್ಲಿನ ಹಮಾಲರು ಹುರಿದುಂಬಿಸುತ್ತಿದ್ದರು. ಮಿಷನ್ ನೆಲ ಬಿಟ್ಟು ಎದ್ದಿತ್ತು. ಸಿಟ್ಟಿನಲ್ಲಿ, "ತಗೋ, ಇಟ್ಕೋ," ಎಂದು ನಾನು ಕೈಬಿಟ್ಟೆ. ಅಷ್ಟು ಭಾರ ಒಬ್ಬನಿಂದ ತಡೆಯಲಾಗದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೈಬಿಟ್ಟೆ. ಅಣ್ಣನ ಬಲಗೈ ಅದರಡಿ ಸಿಕ್ಕಿತು. ಎರಡು ಬೆರಳು ಹೋದವು, ತೋರುಬೆರಳು ಮತ್ತು ನಡುಬೆರಳು. ತಂತಿಯ ಬಿಗಿ ನೋಡುವ ಬೆರಳುಗಳು ಅವೇ.

ಮೇಲಿನ ಮಿಲ್ಲಿನವರು ಆಸ್ಪತ್ರೆಗೆ ಹಣ್ಣು ಕಳಿಸಿದರು. ಮಾರನೆಯ ವಾರ ಎರಡೂ ಮಿಲ್ಲಿನವರು ತಮ್ಮ ಮೋಟಾರುಗಳನ್ನು ಚಿತ್ರದುರ್ಗಕ್ಕೆ ಕಳಿಸತೊಡಗಿದರು. ನಮ್ಮ ಅಂಗಡಿಗೆ ಪೊಲೀಸರು ಬಂದು ಹೋಗಿದ್ದು ಇಬ್ಬರಿಗೂ ಇಷ್ಟವಾಗಲಿಲ್ಲವಂತೆ. ಹಟ ಅವರದಾಗಿತ್ತು, ಬೆರಳು ಮಾತ್ರ ನಮ್ಮಣ್ಣನವು.

ಬೆರಳು ಹೋದ ದಿನವೇ ನಾನು ಆಸ್ಪತ್ರೆಯಿಂದ ನೇರ ಹವಾಲ್ದಾರರ ಮನೆಗೆ ಹೋಗಿದ್ದೆ. ನನ್ನ ತಪ್ಪನ್ನು ಯಾರ ಮೇಲಾದರೂ ಹಾಕದೆ ನನಗೆ ಆವತ್ತು ಉಸಿರಾಡಲು ಆಗುತ್ತಿರಲಿಲ್ಲ. "ಕೂಗು ಕೇಳಿಸ್ಲಿಲ್ವಾ ನಿಮಗೆ? ಹಿಂದಿನ ಬೀದಿಯಲ್ಲೇ ಇದ್ರಲ್ಲ, ಯಾಕ್ರಿ ಬರಲಿಲ್ಲ?" ಎಂದು ಕಿರುಚಿದೆ.

"ಕೇಳಿಸ್ತು," ಎಂದರು. "ಇಬ್ರೂ ಹೋಗು ಅಂದಿದ್ರಿ."

"ಅಂದ್ರೆ? ಅಂದ್ರೆ ಹೋಗಿಬಿಡಾದಾ?"

ಅವರು ಯಾವತ್ತೂ ಹೇಳದ್ದನ್ನು ಆವತ್ತು ಹೇಳಿದರು. "ನೀಲಿ ಟೋಪಿ ಹಾಕ್ಕಂಡು ಹೋಗಿದ್ನಲ್ಲ, ಅಲ್ಲೊಂದು ಇಸ್ಕೂಲು ಇತ್ತು. ಅದರ ಕಾಂಪೌಂಡಿನಾಗೆ ಹೆಂಗಸ್ರು, ಮಕ್ಕಳು, ಮುದುಕ್ರು ತುಂಬಿದ್ರು. ನಾವು ಗೇಟಿನಾಗೆ ನಿಂತಿದ್ವಿ. ನಿಂತಿದ್ವಿ ಅಷ್ಟೇ, ಅದಕ್ಕೇ ಯಾರೂ ಒಳಗೆ ಬರ್ತಿರಲಿಲ್ಲ. ಒಂದು ದೊಡ್ಡ ದೇಶ ಸರ್ಕಾರದ ಕಡೆ, ಇನ್ನೊಂದು ಬಂಡಾಯದೋರ ಕಡೆ. ನಾವು ಇರಬೇಕು ಅಂದ್ರೆ ಆ ದೊಡ್ಡ ದೇಶದೋರು ಇಬ್ರೂ ವಿಶ್ವಸಂಸ್ಥೆಯಾಗೆ ಕೈ ಎತ್ತಬೇಕಿತ್ತು. ಒಬ್ಬ ಎತ್ತಿದ್ರೆ ಇನ್ನೊಬ್ಬ ಎತ್ತಲಿಲ್ಲ. ಖಾಲಿ ಮಾಡ್ರಿ ಅಂತ ಆರ್ಡರ್ ಬಂತು. ಲಾರಿ ಹತ್ತಿದ್ವಿ. ಒಬ್ಬ ಮುದುಕಿ ಓಡಿಬಂದು ನಮಗೆ ಗೇಟು ತೆಗೆದುಕೊಟ್ಟಳು ಕಣೋ. ನಾವು ಸಾಮಾನು ತರಾಕೆ ಹೊರಟೀವಿ ಅಂದ್ಕಂಡಿದ್ಲು. ಬೇಗ ಬರ್ರಿ ಅನ್ನೋ ಹಂಗೆ ಕೈ ಬೀಸಿದ್ಲು."

"ಆಮೇಲೆ?"

"ಆಮೇಲಿಂದು ಪೇಪರಿನಾಗೆ ಓದಿದೆ."

ಆದರೂ ನಾನು ಬಿಡಲಿಲ್ಲ. "ಅಷ್ಟೆಲ್ಲ ನೋಡಿದೋರು ನಮ್ಮ ಮಾತು ಕೇಳಿ ಯಾಕೆ ಎದ್ದು ಹೋದ್ರಿ?"

"ಇಬ್ರೂ ಬ್ಯಾಡ ಅಂದ ಮೇಲೂ ನಿಮ್ಮ ಅಂಗಡಿಯಾಗೆ ಕುಂತಿದ್ರೆ, ನನಗೂ ಆ ಮಿಲ್ಲಿನೋರಿಗೂ ಏನು ಫರಕು? ಅದಕ್ಕೆ ಎದ್ದೆ." ಆಮೇಲೆ ತಾವೇ, "ಎದ್ದಿದ್ದೂ ತಪ್ಪೇ," ಎಂದರು.

"ಹಂಗಾದ್ರೆ ಸರಿ ಯಾವುದು?"

"ಗೊತ್ತಿಲ್ಲ ಕಣೋ ಅನ್ವರ. ಗೊತ್ತಿದ್ರೆ ನಿಂಗೆ ಮೊದ್ಲೇ ಹೇಳ್ತಿರಲಿಲ್ವಾ?"

ಬಾಗಿಲು ದಡಾರನೆ ಎಳೆದುಕೊಂಡು ಬಂದೆ. ಬೀದಿಗೆ ಬಂದ ಮೇಲೆ ಅತ್ತೆ.

ಮುಂದಿನ ವರ್ಷ ಅವರಿಗೆ ಲಕ್ವ ಹೊಡೆಯಿತು. ಮೊಳಕಾಲ್ಮೂರಿನಲ್ಲಿ ಮಗ್ಗ ನಡೆಸುವ ಮನೆಗೆ ಕೊಟ್ಟಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಹೋಗುವಾಗ ಕುರ್ಚಿಯನ್ನು ನಮ್ಮ ಅಂಗಡಿಗೆ ಕಳಿಸಿದ್ದರು. ಅಷ್ಟು ಹೊತ್ತಿಗೆ ಅಣ್ಣ ಅಂಗಡಿಗೆ ಬರತೊಡಗಿದ್ದ. ಅವನು ಎಡಗೈಯಲ್ಲಿ ಹಿಡಿಕೆ ತಿರುಗಿಸುತ್ತಿದ್ದ, ತಂತಿಯ ಬಿಗಿ ನಾನು ನೋಡುತ್ತಿದ್ದೆ. ಮೊದಮೊದಲು ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ನಾನು ಕ್ಷಮೆ ಕೇಳಲಿಲ್ಲ, ಅವನೂ ಆ ದಿನದ ಸುದ್ದಿ ಎತ್ತಲಿಲ್ಲ. ಕುರ್ಚಿಯನ್ನು ಅಣ್ಣನೇ ತೆಗೆದುಕೊಂಡು ಹೋಗಿ ಹಳೆಯ ಜಾಗದಲ್ಲಿ ಹಾಕಿದ, ಎರಡು ಕಾಲು ಆಚೆ, ಎರಡು ಕಾಲು ಈಚೆ. ಸುಣ್ಣದ ಗೆರೆ ಎಣ್ಣೆ ಮೆತ್ತಿ ಅಳಿಸಿಹೋಗಿತ್ತು. ಆದರೂ ಅದು ಎಲ್ಲಿತ್ತೆಂದು ಇಬ್ಬರಿಗೂ ಗೊತ್ತಿತ್ತು.

ಒಂದು ಭಾನುವಾರ ಅಣ್ಣನೇ, "ಹವಾಲ್ದಾರರನ್ನ ನೋಡ್ಕಂಡು ಬರಣ," ಎಂದ. ಮೊಳಕಾಲ್ಮೂರಿನ ಬಸ್ಸು ಹತ್ತಿದೆವು. ಅಲ್ಲಿ ಅವರ ಅಳಿಯ ಮಗ್ಗದಿಂದ ಎದ್ದು ಬಂದು ಚಾಪೆ ಹಾಸಿ, "ಕೂರ್ಚೋಂಡಿ," ಎಂದು ತೆಲುಗಿನಲ್ಲೇ ಕೂರಿಸಿದ. ಹವಾಲ್ದಾರರು ಗೋಡೆಗೆ ಒರಗಿದ್ದರು. ಬಲಗೈ ಬಿದ್ದುಹೋಗಿತ್ತು, ಎಡಗೈಯಿಂದ ಅದನ್ನು ಹಿಡಿದುಕೊಂಡಿದ್ದರು. ಪಕ್ಕದಲ್ಲಿ ಪೇಪರ್ ಇತ್ತು. ಮೊದಲ ಪುಟದಲ್ಲಿ ಮತ್ತೆ ಯಾವುದೋ ದೇಶ ಉರಿಯುತ್ತಿತ್ತು.

"ಚೇರು ಅಲ್ಲೇ ಹಾಕೀವಿ. ಹುಷಾರಾದ ಮೇಲೆ ಬರಬೇಕು ನೀವು," ಎಂದೆ ನಾನು.

"ಯಾರು ಕರೀತಿರಾದು?" ಮಾತು ತೊದಲುತ್ತಿತ್ತು.

"ಇಬ್ರೂ," ಎಂದ ಅಣ್ಣ.

"ಇಬ್ರೂ ಒಂದೇ ಬಸ್ಸಿಗೆ ಬಂದ್ರಾ?"

"ಹೂಂ."

"ಒಂದೇ ಸೀಟಿನಾಗೆ?"

ಅಣ್ಣ ತನ್ನ ಮೂರು ಬೆರಳಿನ ಕೈಯನ್ನು ನನ್ನ ತೊಡೆಯ ಮೇಲಿಟ್ಟ. "ಒಂದೇ ಸೀಟಿನಾಗೆ," ಎಂದ.

ಹವಾಲ್ದಾರರು ನಮ್ಮಿಬ್ಬರನ್ನೂ ಒಂದು ಸುತ್ತು ನೋಡಿ, ಬಾಯಿಯ ಒಂದೇ ಪಕ್ಕದಿಂದ ನಕ್ಕರು. "ಹಂಗಾದ್ರೆ ಇನ್ನ ನಾನ್ಯಾಕೆ ಬರ್ಲಿ?"

ನನಗೆ ಮತ್ತೆ ರೇಗಿಹೋಯಿತು. ಅಷ್ಟು ದೂರದಿಂದ ಕರೆಯಲು ಬಂದರೆ ಇದು ಇವರ ಉತ್ತರ. "ಬರಲ್ಲ ಅಂದ್ರೆ ಬಿಡ್ರಿ," ಎಂದು ಎದ್ದು ನಿಂತೆ. ಅಣ್ಣ ಏಳಲಿಲ್ಲ. ಅವನು ಹವಾಲ್ದಾರರ ಬಿದ್ದುಹೋದ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದ. ನಾನು ಮತ್ತೆ ಅವನ ಪಕ್ಕದಲ್ಲಿ ಕೂತೆ.

ಶ್ರಾವಣ ಕಳೆಯುವುದರೊಳಗೆ ಅವರು ಹೋದ ಸುದ್ದಿ ಬಂತು. ಆಗಲೂ ಒಂದೇ ಬಸ್ಸಿಗೆ ಹೋದೆವು.