ಕುಶಾಲನಗರದಲ್ಲಿ ಬಿಟ್ಟ ಬಸ್ಸು

ಶನಿವಾರ ಬೆಳಿಗ್ಗೆ ಹುಣಸೂರಿನಲ್ಲಿ ಮಡಿಕೇರಿ ಬಸ್ಸು ಹತ್ತಿದೆವು. ನನ್ನ ಹೆಂಡತಿ ಜಯಮ್ಮ ಆಧಾರ್ ಕಾರ್ಡ್ ತೋರಿಸಿ ಉಚಿತ ಟಿಕೆಟ್ ಪಡೆದಳು. ನಾನು ಕಾಸು ಕೊಟ್ಟದ್ದಕ್ಕೆ ಪಿರಿಯಾಪಟ್ಟಣದವರೆಗೂ ರೇಗಿಸಿದಳು. ಅವಳ ತೊಡೆಯ ಮೇಲೆ ಪಾರುವಿಗೆಂದು ಮಾಡಿದ ರವೆ ಉಂಡೆಯ ಡಬ್ಬಿ ಇತ್ತು.

ನೆಲ್ಯಹುದಿಕೇರಿ ಹತ್ತಿರದ ಒಂದು ಎಸ್ಟೇಟಿನಲ್ಲಿ ಪಾರು ಮತ್ತು ಜಯಮ್ಮ ಒಟ್ಟಿಗೆ ಕಾಫಿ ಹಣ್ಣು ಕುಯ್ದವರು. ನಾನು ಅಲ್ಲಿ ರೈಟರ್. ಆಳುಗಳ ಹಾಜರಿ, ಸಂಬಳ ನೋಡಿಕೊಳ್ಳುತ್ತಿದ್ದೆ. ಪಾರುವನ್ನು ಅವಳ ಮಗಳು ಇನ್ನು ಕೇರಳದ ಮಾನಂದವಾಡಿಯ ತನ್ನ ಮನೆಯಲ್ಲೇ ಇಟ್ಟುಕೊಳ್ಳುವವಳಿದ್ದಳು. ಭಾನುವಾರ ಬೆಳಿಗ್ಗೆ ಜೀಪು ಬರುವುದಿತ್ತು. ಅದಕ್ಕೆ ಮೊದಲು ಒಂದು ರಾತ್ರಿ ತನ್ನ ಲೈನ್ ಮನೆಯಲ್ಲೇ ಇದ್ದು ಹೋಗಿ ಎಂದು ಪಾರು ಕರೆದಿದ್ದಳು. ನಾನು ಒಪ್ಪಲಿಲ್ಲ. ರೈಟರ್ ಆಗಿದ್ದವನು ಆಳುಗಳ ಸಾಲುಮನೆಯ ಲೈನಿನಲ್ಲಿ ಮಲಗುವುದೇ ಎಂಬ ಬಿಗುಮಾನ.

ಫೋನಿನಲ್ಲಿ ತಂಗಲು ಜಾಗ ಹುಡುಕುವಾಗ ಅದೇ ಎಸ್ಟೇಟಿನ ಬಂಗಲೆಯ ಚಿತ್ರ ಕಂಡಿತು. ಅದು ಈಗ ಹೋಂಸ್ಟೇ ಎಂದಿತ್ತು. ಕೆಂಪು ಗಾರೆಯ ಜಗಲಿ, ಕಂಬದ ಬುಡದಲ್ಲಿ ಒಡೆದ ಮೂಲೆ, ಎಲ್ಲದರ ಗುರುತೂ ಸಿಕ್ಕಿತು. ಬಟವಾಡೆಯ ದಿನ ಸಾಹುಕಾರರು ಆ ಜಗಲಿಯಲ್ಲಿ ಕೂರುತ್ತಿದ್ದರು. ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತು ಹೆಸರು ಕೂಗುತ್ತಿದ್ದೆ. ಜಯಮ್ಮ ಅಂಗಳದ ಸಾಲಿನಲ್ಲಿ ನಿಂತಿರುತ್ತಿದ್ದಳು. ಅವಳನ್ನು ಆ ಜಗಲಿಯ ಮೇಲೆ ಕೂರಿಸಬೇಕೆಂದು ಆಸೆಯಾಯಿತು. ನಾನೇ ಕಂಡ ಮನೆ ಸುಳ್ಳಾಗುವುದು ಹೇಗೆಂದು ಯಾರನ್ನೂ ವಿಚಾರಿಸದೆ ಪೂರ್ತಿ ಹಣ ಕಳಿಸಿದೆ. ಮನೆ ಸುಳ್ಳಾಗಿರಲಿಲ್ಲ. ಮಡಿಕೇರಿ ನಿಲ್ದಾಣಕ್ಕೆ ಕಾರು ಕಳಿಸುತ್ತೇವೆ ಎಂದಿದ್ದರು.

ಕುಶಾಲನಗರದಲ್ಲಿ ಪಕ್ಕಕ್ಕೇ ಸಿದ್ದಾಪುರದ ಬಸ್ಸು ನಿಂತಿತ್ತು. ನೆಲ್ಯಹುದಿಕೇರಿಯ ಮೇಲೆಯೇ ಹೋಗುವ ಬಸ್ಸು.

"ರೀ, ಇದ್ರಲ್ಲೇ ಹೋಗ್ಬಿಡಾಣ. ನಂಗೆ ಪಾರುನ ನೋಡಿದ್ರೆ ಸಾಕು" ಎಂದಳು ಜಯಮ್ಮ.

"ಕಾರು ಬುಕ್ ಆಗಿದೆ, ಸುಮ್ನಿರು" ಎಂದೆ.

ಮಡಿಕೇರಿಯಲ್ಲಿ ಮಂಜು ಇಳಿದಿತ್ತು, ಗಾಳಿ ತಣ್ಣಗಿತ್ತು. ಬನ್ನು, ಚಹಾ ತೆಗೆದುಕೊಂಡು ಕಾದೆವು. ಬುಕಿಂಗಿನವನು ಮೊದಲು "ದಾರಿಯಲ್ಲಿದೆ ಅಂಕಲ್" ಎಂದ, ಆಮೇಲೆ ಫೋನೇ ಎತ್ತಲಿಲ್ಲ. ನಡುವೆ ಪಾರು ಎರಡು ಸಲ ಕರೆ ಮಾಡಿದಳು. ಡ್ರೈವರನ ಕರೆ ತಪ್ಪೀತೆಂದು ಎರಡನ್ನೂ ಕತ್ತರಿಸಿದೆ. ಯಾರೆಂದು ಜಯಮ್ಮ ಕೇಳಿದಾಗ ಫೋನ್ ಕಂಪನಿಯವರು ಎಂದೆ. ಇಬ್ಬರಿಗೂ ಇದ್ದದ್ದು ಅದೊಂದೇ ಫೋನು. ಸಂಜೆ ಕಂಡಕ್ಟರ್ ಸಿದ್ದಾಪುರ ಎಂದು ಕೂಗಿದಾಗ ಅವಳು ಮಂಡಿ ಹಿಡಿದುಕೊಂಡು ಎದ್ದಳು. ನಾನು ಏಳಲಿಲ್ಲ. ಅವಳು ಮತ್ತೆ ಕುಳಿತಳು.

ಆ ರಾತ್ರಿ ನಿಲ್ದಾಣದ ಹಿಂದಿನ ಲಾಡ್ಜಿನಲ್ಲಿ ಉಳಿದೆವು. ಪಾರು ಮಲಗಿರುತ್ತಾಳೆಂದು ಹೇಳಿ ಫೋನು ಕೊಡಲಿಲ್ಲ. ಬೆಳಿಗ್ಗೆಯೂ ಕಾರಿನ ಆಸೆಯಿಂದ ಒಂದು ಬಸ್ಸು ಬಿಟ್ಟು, ಆಮೇಲೆ ಚೆಟ್ಟಳ್ಳಿಯ ಮೇಲೆ ಸಿದ್ದಾಪುರಕ್ಕೆ ಹೋಗುವ ಬಸ್ಸು ಹಿಡಿದೆವು.

ಎಸ್ಟೇಟಿನ ಗೇಟು ಬಂಗಲೆಗೂ ಲೈನಿಗೂ ಒಂದೇ. ಕಾವಲುಗಾರ ನನ್ನ ಫೋನು ನೋಡಿ, ಕೈಯಲ್ಲಿದ್ದ ಬೀಗದ ಕೈ ಜೇಬಿಗೆ ಹಾಕಿಕೊಂಡ.

"ಇದು ಹೋಂಸ್ಟೇ ಅಲ್ಲ ಸಾರ್. ಹೋದ ವಾರನೂ ಒಂದ್ ಕಾರಿನೋರು ಬಂದು ನನ್ ಮೇಲೇ ಜಗಳ ಆಡಿದ್ರು. ಫೋಟೋ ಯಾರ್ ಬೇಕಾದ್ರೂ ಹಾಕ್ತಾರೆ."

ಜಯಮ್ಮ ನನ್ನ ಕಡೆ ನೋಡಲಿಲ್ಲ. ಲೈನಿನ ಕಡೆ ನಡೆದಳು. ಪಾರುವಿನ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಮುತ್ತಮ್ಮ ನನ್ನ ಗುರುತು ಹಿಡಿದಳು.

"ಈಗ್ ಹೋದ್ರು ರೈಟ್ರೇ. ನಿನ್ನೆ ಕತ್ತಲಾಗೋವರೆಗೂ ರೋಡಲ್ಲೇ ಕೂತಿದ್ಳು. ಇವತ್ತು ಜೀಪು ಬಂದ್ರೂ, ಇನ್ನೊಂದ್ ಬಸ್ ನೋಡ್ತೀನಿ ಅಂತ ಹಠ ಮಾಡಿದ್ಳು."

ಆ ಇನ್ನೊಂದು ಬಸ್ಸು ನಾನು ಮಡಿಕೇರಿಯಲ್ಲಿ ಬಿಟ್ಟದ್ದು. ಪಾರುವಿಗೆ ಕರೆ ಮಾಡಿದೆ, ಸಿಗಲಿಲ್ಲ. ಜಯಮ್ಮ ಬೀಗ ಹಾಕಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ಕುಳಿತಳು. ನಡೆದದ್ದೆಲ್ಲ ಹೇಳಿದೆ, ಜಗಲಿಯ ಆಸೆಯನ್ನೂ, ಕತ್ತರಿಸಿದ ಕರೆಗಳನ್ನೂ. ಅವಳು ಡಬ್ಬಿಯ ಮುಚ್ಚಳ ಒರೆಸುತ್ತಿದ್ದಳು.

ಹಿಂತಿರುಗಲು ಸಿಕ್ಕಿದ್ದು ಕುಶಾಲನಗರದ ಬಸ್ಸು. ಒಂದು ಗಂಟೆಯೂ ಹಿಡಿಯದ ದಾರಿ. ಅರ್ಧಕ್ಕೆ ಪಾರುವಿನ ಕರೆ ಬಂತು. ನಾನೇ ಫೋನು ಜಯಮ್ಮನ ಕೈಗೆ ಕೊಟ್ಟೆ.

"ಕಾರು ಕೆಟ್ಟೋಯ್ತು ಕಣೇ, ಅದಕ್ಕೇ ತಡ" ಎಂದಳು. ಸ್ವಲ್ಪ ಬಿಟ್ಟು, "ಹೂಂ, ನೀನ್ ಹೋದ್ ಮೇಲೆ ಬಂದ್ವಿ. ಬಂಗ್ಲೇಲಿ ಜಗಲಿ ಮೇಲೆ ಕೂರ್ಸಿ ಕಾಫಿ ಕೊಟ್ರು. ಇವ್ರು ಚೆನ್ನಾಗ್ ಕರ್ಕೊಂಡ್ ಬಂದ್ರು."

ಫೋನನ್ನು ನನ್ನ ಜೇಬಿಗೆ ಹಾಕಿ, ಡಬ್ಬಿ ತೆಗೆದು ಒಂದು ಉಂಡೆ ಕೊಟ್ಟಳು. "ತಿನ್ನಿ, ಕೆಟ್ಟೋಗತ್ತೆ."

ಹುಣಸೂರಿನಲ್ಲಿ ಇಳಿಯುವಾಗಲೂ ಅದು ನನ್ನ ಕೈಯಲ್ಲೇ ಇತ್ತು.