ಕುಬಟೂರಿನ ಎಂಟು ಎಕರೆ

ಶಿಕಾರಿಪುರದಲ್ಲಿ ಕಿವಿ ಕೇಳದ ಮಕ್ಕಳದೊಂದು ಶಾಲೆ. ಅದಕ್ಕೆ ದಾನಿಗಳನ್ನು ಹುಡುಕುವುದು ಜಡೆ ಊರಿನ ಸಂಘಮಿತ್ರಾಳ ಕೆಲಸ. ಹೊಸದರಲ್ಲಿ ಅವಳೂ ದೊಡ್ಡ ಮನೆ, ದೊಡ್ಡ ಕಾರು ನೋಡಿ ಮರುಳಾದವಳೇ. ಆಮೇಲೆ ಗೊತ್ತಾಯಿತು, ಕಾರು ಬ್ಯಾಂಕಿನದು, ಮನೆ ಸೊಸೈಟಿಗೆ ಅಡವು, ಮಗಳ ಮದುವೆಗೆ ಊರಿಗೆಲ್ಲ ಊಟ ಹಾಕಿದವನ ಕೈ ಖಾಲಿ. ಹಳೇ ಸ್ಕೂಟರಿನ ನಿವೃತ್ತ ಮೇಷ್ಟ್ರಿಗೆ ಸಾಲವಿಲ್ಲ, ಪಿಂಚಣಿ ತಪ್ಪದೆ ಬರುತ್ತದೆ, ಹಿಂದೆಯೂ ಕೊಟ್ಟಿದ್ದಾರೆ. ಆಸ್ತಿ ಬೇರೆ, ಕೈಗೆ ಸಿಗುವ ದುಡ್ಡು ಬೇರೆ, ಕೊಡುವ ಮನಸ್ಸು ಇನ್ನೂ ಬೇರೆ. ಇದನ್ನು ಟ್ರಸ್ಟಿನ ಅಧ್ಯಕ್ಷ ರಘುಪತಿಯವರಿಗೆ ಹೇಳಿ ಹೇಳಿ ಅವಳ ಬಾಯಿ ಸವೆದಿತ್ತು.

ಕುಬಟೂರಿನ ಸತ್ಯವತಿಯವರ ವಿಷಯದಲ್ಲೂ ಹೇಳಿದ್ದಳು. ಪಹಣಿಯಲ್ಲಿ ಎಂಟು ಎಕರೆ ಇರುವುದು ನಿಜ, ಆದರೆ ಗಂಡ ತೀರಿಕೊಂಡ ಮೇಲೆ ಮೈದುನ ಕೋರ್ಟಿಗೆ ಹೋಗಿದ್ದಾನೆ, ಫಸಲನ್ನೂ ಅವನೇ ಕೊಯ್ದುಕೊಳ್ಳುತ್ತಾನೆ, ಆಕೆಯನ್ನು ಕೇಳುವುದು ಬೇಡ. ಅಧ್ಯಕ್ಷರ ಕಿವಿಗೆ ಬಿದ್ದದ್ದು ಎಂಟು ಎಕರೆ ಮಾತ್ರ.

ಮಕ್ಕಳ ಕಾರ್ಯಕ್ರಮ ನೋಡಿ ಹೋಗಿ ಎಂದು ಆಕೆಯನ್ನು ಟ್ರಸ್ಟು ಸೊರಬದಲ್ಲಿ ನಡೆಸಿದ ಸಭೆಗೆ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಮೈಕು ಸಿಕ್ಕಿದ್ದೇ ರಘುಪತಿಯವರು, ಶಾಲೆಯ ಊಟದ ಕೋಣೆಯನ್ನು ಪಹಣಿಯಲ್ಲಿ ಎಂಟು ಎಕರೆ ಇರುವ ಈ ತಾಯಿ ಕಟ್ಟಿಸಿಕೊಡುತ್ತಾರೆ ಎಂದು ಸಾರಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಸತ್ಯವತಿ ಸೆರಗು ಬಿಗಿಹಿಡಿದು ತಲೆ ತಗ್ಗಿಸಿದರು. ಸಂಘಮಿತ್ರಾಳಿಗೆ ಮೈ ಉರಿದುಹೋಯಿತು. ವೇದಿಕೆ ಹತ್ತಿ ಮೈಕು ಕಿತ್ತುಕೊಂಡಳು.

"ಈ ಅಮ್ಮ ಏನೂ ಒಪ್ಪಿಕೊಂಡಿಲ್ಲ. ತಪ್ಪು ನಮ್ಮದು."

ಹೊರಗೆ ಬಂದ ಸತ್ಯವತಿ ಸಂಘಮಿತ್ರಾಳನ್ನೂ ಬಿಡಲಿಲ್ಲ. "ನನ್ನ ಪಹಣಿ ತೆಗೆದು ನೋಡು ಅಂತ ನಿಂಗೆ ಯಾರು ಹೇಳಿದ್ದು? ಮೈದುನನ ಕಡೆಯೋರು ಅಲ್ಲೇ ಕೂತಿದ್ರು. ಇವಳ ಹತ್ರ ಬಚ್ಚಿಟ್ಟ ದುಡ್ಡಿದೆ ಅಂತ ನಾಳೆ ಕೋರ್ಟಲ್ಲಿ ಹೇಳ್ತಾರೆ."

ಪಹಣಿಯನ್ನು ಯಾರು ಬೇಕಾದರೂ ಫೋನಿನಲ್ಲೇ ನೋಡಬಹುದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಂಘಮಿತ್ರಾ ನುಂಗಿಕೊಂಡಳು. ಆಕೆಯ ಸಿಟ್ಟು ನ್ಯಾಯವಾದದ್ದೇ ಆಗಿತ್ತು.

ಮರುದಿನ ಟ್ರಸ್ಟಿನವರೆಲ್ಲ ಸೇರಿದರು. ಸಂಸ್ಥೆಯ ಮಾನ ಕಳೆದೆ ಎಂದು ರಘುಪತಿಯವರು ಸಂಘಮಿತ್ರಾಳ ಮೇಲೆ ಹರಿಹಾಯ್ದರು. ಕೇಳಿದರೆ ತಾನೆ ಯಾರಾದರೂ ಕೊಡುವುದು ಎಂದರು.

"ಹಂಗಾದ್ರೆ ನಿಮ್ಮನ್ನೇ ಕೇಳ್ತೀನಿ ಸರ್. ನಿಮ್ಮ ಜಮೀನಿನ ಮ್ಯಾಲೆ ಸಾಲ ಇಲ್ಲ, ಪೇಟ್ಯಾಗೆ ಮಳಿಗೆ ಬಾಡಿಗೆ ಬರ್ತತಿ. ನಿಮ್ಮಷ್ಟು ಶಕ್ತಿ ಇರೋರು ಈ ತಾಲೂಕಿನಾಗೆ ನಂಗೆ ಸಿಕ್ಕಿಲ್ಲ. ಇಷ್ಟು ವರ್ಷದಾಗೆ ನೀವು ಶಾಲೆಗೆ ಏನು ಕೊಟ್ರಿ?"

ರಘುಪತಿಯವರು ಎದ್ದು ಹೋದರು. ಕ್ಷಮೆ ಕೇಳು ಎಂದು ಉಳಿದವರು ಅವಳಿಗೇ ಬುದ್ಧಿ ಹೇಳಿದರು. ಅವಳು ಕೇಳಲಿಲ್ಲ. ಸತ್ಯವತಿಯವರು ಯಾವ ಮಾತೂ ಕೊಟ್ಟಿರಲಿಲ್ಲ ಎಂದು ಬರೆದು ಸಹಿ ಹಾಕಿಕೊಡಿ, ಇಲ್ಲವೇ ನನ್ನ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಪಟ್ಟು ಹಿಡಿದಳು. ಉಳಿದವರ ಸಹಿಯಾಯಿತು.

ಆ ಪತ್ರ ಹಿಡಿದು ಅವಳೇ ಕುಬಟೂರಿಗೆ ಹೋದಳು. ಸತ್ಯವತಿ ಬಾಗಿಲಲ್ಲೇ ನಿಂತು ಓದಿದರು, ವಕೀಲರಿಗೆ ಕೊಡುತ್ತೇನೆ ಎಂದರು, ಒಳಗೆ ಬಾ ಎನ್ನಲಿಲ್ಲ. ಸಂಘಮಿತ್ರಾ ರಸ್ತೆಗೆ ಬಂದು ಸೊರಬದ ಬಸ್ಸಿಗೆ ಕಾಯುತ್ತ ನಿಂತಳು. ರಘುಪತಿಯವರ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.