ನಿಂಬೆಹಣ್ಣು ಹತ್ತಿದ ವಿಮಾನ

ಗೋಡೆಗೆ ಒಂದು ಮೊಳೆ ಹೊಡೆಯಲು ನಾನು ಹೊರಟರೆ ಮೊಳೆ ಸೊಟ್ಟಗಾಗುತ್ತದೆ, ಗಾರೆ ಉದುರುತ್ತದೆ, ಹೆಬ್ಬೆರಳು ಊದಿಕೊಳ್ಳುತ್ತದೆ. ಕ್ಯಾಲೆಂಡರು ಮಾತ್ರ ಕೆಳಗೇ ಉಳಿಯುತ್ತದೆ. ಇಂಥ ಕೈಯನ್ನಿಟ್ಟುಕೊಂಡು ನಾನೊಂದು ಯುದ್ಧವಿಮಾನ ಕಟ್ಟಿದ್ದೇನೆ ಎಂದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಜಾರಿಲ್ಲ. ನನ್ನ ಹೆಂಡತಿ ಸರೋಜ ಇವತ್ತಿಗೂ ನಗುತ್ತಾಳೆ. ಆದರೆ ಆ ವಿಮಾನ ಶ್ರೀನಿವಾಸಪುರದಲ್ಲಿ ನಮ್ಮ ಮಾವನವರ ಮನೆಯ ರೇಡಿಯೋ ಮೇಲೆ, ಎಡಕ್ಕೆ ತುಸು ವಾಲಿಕೊಂಡು ನಿಂತಿರುವುದು ಮಾತ್ರ ಸತ್ಯ. ಆ ವಾಲಿಕೆಗೆ ನಾನು ಎಷ್ಟು ಋಣಿ ಎಂಬುದನ್ನು ಹೇಳಿಕೊಳ್ಳಬೇಕು ಅಂತ ಬಹಳ ದಿನದಿಂದ ಆಸೆ.

ನಮ್ಮ ಮಾವನವರು ದೊಡ್ಡ ಯುದ್ಧದ ಕಾಲದಲ್ಲಿ ವಾಯುಸೇನೆಗೆ ಸೇರಿದವರು. ವಿಮಾನ ಹಾರಿಸಿದವರಲ್ಲ, ಹಾರುವಂತೆ ಇಟ್ಟವರು, ಫಿಟ್ಟರ್. ಬರ್ಮಾದ ಗಡಿಯಲ್ಲಿ ಹರಿಕೇನ್ ಎಂಬ ವಿಮಾನದ ಹೊಟ್ಟೆಯೊಳಗೆ ಅವರ ಯೌವನ ಕಳೆಯಿತು. ನಿವೃತ್ತರಾಗಿ ಊರಿಗೆ ಬಂದ ಮೇಲೆ ಸುತ್ತಮುತ್ತಲಿನ ಪಂಪ್‌ಸೆಟ್ಟು, ರೇಡಿಯೋ, ಹೊಲಿಗೆ ಯಂತ್ರ, ಯಾವುದು ಮುನಿಸಿಕೊಂಡರೂ ಅವರ ಬಾಗಿಲಿಗೇ ಬರುತ್ತಿತ್ತು. ಆಮೇಲೆ, ಎಂಬತ್ತರ ದಶಕದ ಶುರುವಿನಲ್ಲಿ, ಅವರ ಕೈ ನಡುಗಲು ಹಿಡಿಯಿತು. ಯಾರದೋ ಮದುವೆಯ ಮನೆಯಲ್ಲಿ ಕಾಫಿ ಪಂಚೆಯ ಮೇಲೆ ಚೆಲ್ಲಿತಂತೆ. ಅಂದಿನಿಂದ ಎರಡೂ ಕೈಗಳನ್ನು ಹೆಗಲ ಟವೆಲಿನ ಕೆಳಗೆ ಬಚ್ಚಿಟ್ಟುಕೊಂಡು ಕೂತುಬಿಟ್ಟರು. ತಮ್ಮ ಹಸಿರು ಬಣ್ಣದ ಹತ್ಯಾರದ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿ, "ಈ ಸಲ ಆಯುಧಪೂಜೆ ಮುಗೀಲಿ, ಮಾಲೂರಿನ ತಮ್ಮನ ಮಗನಿಗೆ ಕೊಟ್ಬಿಡ್ತೀನಿ. ಇನ್ನು ನನಗ್ಯಾಕೆ?" ಎಂದರು.

ಸರೋಜ ಆ ಮಾತು ಕೇಳಿ ಬಂದ ದಿನ ಮುಳಬಾಗಿಲಿನ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಬೀಳಲಿಲ್ಲ. "ಆ ಪೆಟ್ಟಿಗೆ ಮನೆ ಬಿಟ್ರೆ ನಮ್ಮಪ್ಪ ಅರ್ಧ ಹೋದಂಗೇ ಕಣ್ರೀ" ಎಂದು ಕಣ್ಣೊರೆಸಿಕೊಂಡಳು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ಸಾಮ್ರಾಜ್ಯಗಳು ಏಕೆ ಬಿದ್ದವು ಎಂದರೆ ಏಳು ಕಾರಣ ಕೊಡಬಲ್ಲೆ. ಬೀಳುತ್ತಿರುವುದನ್ನು ಹಿಡಿದು ನಿಲ್ಲಿಸುವ ಉಪಾಯ ನಮ್ಮ ಸಿಲಬಸ್ಸಿನಲ್ಲಿಲ್ಲ.

ಉಪಾಯ ಬಂದಿದ್ದು ವಿಲಾಯಿತಿಯಿಂದ. ಮಾವನವರ ಜೊತೆ ಸೇನೆಯಲ್ಲಿದ್ದ ಗೆಳೆಯರೊಬ್ಬರು ಮಗಳ ಮನೆಗೆಂದು ಲಂಡನ್ನಿಗೆ ಹೋಗಿ ಬರುವಾಗ ಒಂದು ದೊಡ್ಡ ರಟ್ಟಿನ ಡಬ್ಬ ತಂದುಕೊಟ್ಟರು. ಒಳಗೆ ಅದೇ ಹರಿಕೇನ್, ಪ್ಲಾಸ್ಟಿಕ್ಕಿನ ಬಿಡಿಬಿಡಿ ತುಂಡುಗಳಲ್ಲಿ. ಜೋಡಿಸಿದರೆ ನಿಜವಾದ ವಿಮಾನದ ಇಪ್ಪತ್ತನಾಲ್ಕನೇ ಒಂದು ಪಾಲು. ರೆಕ್ಕೆಯ ತುದಿಯಿಂದ ತುದಿಗೆ ಒಂದು ಮೊಳಕ್ಕೂ ಮಿಗಿಲು. ಸರೋಜಳಿಗೆ ಜೀವ ಬಂತು: ಅಪ್ಪ ಇದನ್ನು ಕಂಡರೆ ಪೆಟ್ಟಿಗೆ ತಾನಾಗಿ ಕೆಳಗಿಳಿಯುತ್ತದೆ ಎಂದುಕೊಂಡಳು. ಮಾವನವರು ಡಬ್ಬದ ಮೇಲಿನ ಚಿತ್ರವನ್ನು ತುಂಬ ಹೊತ್ತು ನೋಡಿದರು. ಕೈ ಮಾತ್ರ ಟವೆಲಿನಿಂದ ಆಚೆ ಬರಲಿಲ್ಲ. "ಮೇಷ್ಟ್ರೇ, ನೀವೇ ಮಾಡಿ. ನಾನು ನೋಡ್ತೀನಿ" ಎಂದರು.

ಹೀಗೆ ವಿಮಾನ ನನ್ನ ಕೊರಳಿಗೆ ಬಿತ್ತು. ಮನೆಗೆ ತಂದು, ಊಟದ ಮೇಜಿನ ಮೇಲೆ ಹರಡಿ, ಮೊದಲು ಅಂಟಿಸಿದ್ದು ನನ್ನ ತೋರುಬೆರಳಿಗೆ ನನ್ನ ಹೆಬ್ಬೆರಳನ್ನು. ಹೇಗೋ ಹೊಟ್ಟೆಯ ಎರಡು ಹೋಳುಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ನಮ್ಮ ಮನೆಗೆ ಬಂದ ಮಾವನವರ ಮುಂದೆ ಹೆಮ್ಮೆಯಿಂದ ಹಿಡಿದೆ. ಅವರು ಪೈಲಟ್ ಕೂರುವ ಗೂಡಿನೊಳಗೆ ಇಣುಕಿದರು. ಒಂದು ಕುರ್ಚಿ, ಒಂದು ಕೋಲು, ಮೀಟರುಗಳಿರಬೇಕಾದ ಕಡೆ ಒಂದು ಹಲಗೆ, ಅಷ್ಟೇ ಇದ್ದವು.

"ಹೊರಗಡೆ ಚೆನ್ನಾಗಿದೆ. ಒಳಗಡೆ ಏನೂ ಇಲ್ವಲ್ಲ ಮೇಷ್ಟ್ರೇ" ಎಂದರು. ಗೂಡಿನಿಂದ ಕಣ್ಣು ತೆಗೆಯದೆ, "ನಾನಿದ್ದಿದ್ದೆಲ್ಲಾ ಒಳಗಡೇನೇ" ಎಂದರು.

ಆ ಮಾತು ನನಗೆ ನಾಟಿತು. ವಿಮಾನವನ್ನು ಕಂಡವರೆಲ್ಲ ಹೊಗಳುವುದು ರೆಕ್ಕೆಯನ್ನು, ವೇಗವನ್ನು, ಹಾರಿಸಿದವನ ಮೀಸೆಯನ್ನು. ಒಳಗೆ ಮಂಡಿಯೂರಿ ತಂತಿ ಬಿಗಿದವನ ಇಡೀ ಆಯುಸ್ಸು ಈ ಡಬ್ಬದವರ ಲೆಕ್ಕದಲ್ಲಿ ಒಂದು ಬೋಳು ಹಲಗೆ. ರಬ್ಬರ್ ಬ್ಯಾಂಡ್ ಬಿಚ್ಚಿದೆ. ಡಬ್ಬದಲ್ಲಿ ಇಲ್ಲದ್ದನ್ನೆಲ್ಲ ನಾವೇ ಮಾಡಿ ತುಂಬೋಣ ಎಂದು ಸರೋಜಳಿಗೆ ಹೇಳಿದೆ. ಅವಳು ನನ್ನ ಹೆಬ್ಬೆರಳಿನ ಕಡೆ ನೋಡಿದಳು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಭಿಕ್ಷಾಟನೆ. ಪೈಲಟ್ಟನ ಸೊಂಟಪಟ್ಟಿಗೆ ತೆಳ್ಳಗಿನ ತಗಡು ಬೇಕು. ಟೂತ್‌ಪೇಸ್ಟಿನ ಟ್ಯೂಬು ಸೀಳಿದರೆ ಅಚ್ಚುಕಟ್ಟಾದ ತಗಡು ಸಿಗುತ್ತದೆ. ಟ್ಯೂಬು ಬೇಗ ಖಾಲಿಯಾಗಲೆಂದು ನಾನು ಊಟಕ್ಕೊಮ್ಮೆ ಹಲ್ಲುಜ್ಜತೊಡಗಿದೆ. ಆಸ್ಪತ್ರೆಯ ಕಾಂಪೌಂಡರು ಹಳೆಯ ಎಕ್ಸ್‌ರೇ ಹಾಳೆಯೊಂದನ್ನು ಕೊಟ್ಟರು. ಸೋಡಾ ಹಾಕಿದ ಬಿಸಿನೀರಿನಲ್ಲಿ ಯಾರದೋ ಪಕ್ಕೆಲುಬುಗಳನ್ನು ತೊಳೆದು ತೆಗೆದರೆ ಕೆಳಗೆ ಗಾಜಿನಂಥ ಹಾಳೆ. ಅದು ಮೀಟರುಗಳ ಮುಖವಾಯಿತು. ಟೆಲಿಫೋನ್ ಲೈನ್‌ಮನ್ನು ಬಣ್ಣಬಣ್ಣದ ಸಣ್ಣ ತಂತಿ ಕೊಟ್ಟ. ಪೈಲಟ್ ಹಿಡಿಯುವ ಕೋಲಿನಲ್ಲಿ ಸೈಕಲ್ಲಿಗಿರುವಂತೆ ಒಂದು ಚೈನು ಉಂಟೆಂದು ಮಾವನವರು ಹೇಳಿದ್ದರು. ಸರೋಜ ತನ್ನ ಹರಿದ ಗಿಲೀಟು ಸರದ ಒಂದು ತುಂಡನ್ನು ತಾನಾಗಿ ತಂದಿಟ್ಟಳು. ಈ ವಿಮಾನದ ಹಿಂಭಾಗ ಲೋಹದ್ದಲ್ಲ, ಮರದ ಪಟ್ಟಿಗಳ ಮೇಲೆ ಬಿಗಿದ ಬಟ್ಟೆ. ನನಗೆ ಪಟ್ಟಿಗಳನ್ನು ಕೊಟ್ಟದ್ದು ಕಸಬರಿಕೆ ಕಡ್ಡಿ. ಬಟ್ಟೆಯನ್ನು ಕೊಟ್ಟದ್ದು ಅವಳ ರೇಷ್ಮೆ ರವಿಕೆಯೊಳಗಿನ ಅಸ್ತರಿ. ಡಬ್ಬದ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಮೇಲೆ ಕಾಯಿಸಿ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ. ಎಣ್ಣೆಯ ಪೈಪುಗಳೆಲ್ಲ ಅದರಲ್ಲೇ ಆದವು. ಸುತ್ತಲ ಊರುಗಳಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವವರನ್ನು ದಿನಾ ನೋಡುತ್ತಿದ್ದವನಿಗೆ ಇದೊಂದು ಕೆಲಸ ಮಾತ್ರ ಸಲೀಸಾಗಿ ಬಂತು. ಕೊಟ್ಟವರೊಬ್ಬರೂ "ಯಾಕೆ?" ಎಂದು ಕೇಳಲಿಲ್ಲ. ಮೇಷ್ಟ್ರಿಗೆ ಏನೋ ಆಗಿದೆ, ಪಾಪ, ಅಂದುಕೊಂಡಿರಬೇಕು. ಅವರಿಗೆಲ್ಲ ಈಗಲೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮಾವನವರು ಆಗಾಗ ಬಸ್ಸು ಹತ್ತಿ ಬರುವರು. ಕುರ್ಚಿಯಲ್ಲಿ ಕೂತು, ಟವೆಲಿನ ಕೆಳಗೆ ಕೈಯಿಟ್ಟುಕೊಂಡು, ಬಾಯಲ್ಲೇ ವಿಮಾನ ಕಟ್ಟುವರು. "ಹರಿಕೇನಿಗೆ ನೆಲವೇ ಇಲ್ಲ ಮೇಷ್ಟ್ರೇ, ಕಾಲಿಡೋಕೆ ಎರಡು ಪಟ್ಟಿ ಅಷ್ಟೇ. ಒಂದ್ಸಲ ನನ್ನ ಸ್ಪ್ಯಾನರ್ ಜಾರಿ ಹೊಟ್ಟೆ ತಳಕ್ಕೆ ಹೋಯ್ತು. ಪೈಲಟ್ ಮೇಲೆ ಕೂತು ಬೈತಿದಾನೆ, ನಾನು ಕೆಳಗೆ ತಲೆಕೆಳಗಾಗಿ ನೇತಾಡ್ತಿದೀನಿ!" ನಾನು ಅಂಟು ಹಚ್ಚುವಾಗ ಅವರ ಟವೆಲು ಅಲ್ಲಾಡುವುದು ಕಾಣುತ್ತಿತ್ತು. ಈಗ ಕೈ ಆಚೆ ಬರುತ್ತದೆ, ಈಗ ಬರುತ್ತದೆ ಎಂದು ಸರೋಜ ಅಡುಗೆಮನೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಲ್ಲುವಳು. ಬರಲಿಲ್ಲ. ನಾನು ಬೇಕೆಂದೇ ಚಿಮಟವನ್ನು ಅವರ ಮುಂದೆ ಬೀಳಿಸಿದೆ. ಅವರು ಅದನ್ನು ನೋಡಿ, "ಮೇಷ್ಟ್ರೇ, ಚಿಮಟ ಬಿತ್ತು" ಎಂದರು.

ಗಣೇಶನ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ವಿಮಾನ ಮುಗಿಯಿತು. ಒಂದು ಪಕ್ಕದ ಹೊದಿಕೆಯನ್ನು ತೆಗೆದು ಮತ್ತೆ ಕೂರಿಸುವಂತೆ ಮಾಡಿದ್ದೆ. ತೆಗೆದರೆ ಒಳಗಿನ ಸಂಸಾರವೆಲ್ಲ ಕಾಣುತ್ತಿತ್ತು. ಮಾವನವರು ನೋಡಿದರು, ನೋಡಿದರು, ಕಣ್ಣು ಒದ್ದೆಯಾಯಿತು. "ಎಲ್ಲಾ ಇದೆ. ಏನೂ ಬಾಕಿ ಇಲ್ಲ" ಎಂದರು. ಅಷ್ಟು ಹೇಳಿ ಮಂಕಾದರು. ನನ್ನ ಜನ್ಮದಲ್ಲಿ ಒಂದು ಕೆಲಸ ತಪ್ಪಿಲ್ಲದೆ ಮಾಡಿದ್ದೆ, ಅದೇ ಎಡವಟ್ಟಾಗಿತ್ತು. ಏನೂ ಬಾಕಿಯಿಲ್ಲದ ಕಡೆ ಫಿಟ್ಟರಿಗೆ ಏನು ಕೆಲಸ ಹೇಳಿ? ಆಯುಧಪೂಜೆ ಹತ್ತಿರವಿತ್ತು, ಪೆಟ್ಟಿಗೆ ಇನ್ನೂ ಅಟ್ಟದ ಮೇಲಿತ್ತು.

ಆಗ ಬಾಯಿ ಹಾಕಿದವರು ಮಾವನವರ ಜೊತೆ ಬಂದಿದ್ದ ನಮ್ಮ ಅತ್ತೆ. "ಅಳಿಯಂದ್ರೇ, ಕುರುಡುಮಲೆಗೆ ಹೋಗದೆ ಹೊಸ ಗಾಡಿ ಯಾರಾದ್ರೂ ಮನೇಲಿಟ್ಕೋತಾರಾ?"

ನಮ್ಮ ಸೀಮೆಯಲ್ಲಿ ಇದಕ್ಕೆ ಎದುರುತ್ತರವಿಲ್ಲ. ಲಾರಿ, ಟ್ರ್ಯಾಕ್ಟರು, ಲೂನಾ, ಏನು ಕೊಂಡರೂ ಮೊದಲು ಕುರುಡುಮಲೆಯ ದೊಡ್ಡ ಗಣಪನ ಮುಂದೆ ಹಾಜರಿ ಹಾಕಲೇಬೇಕು. ಅದರ ಮೂಲ ಹೆಸರು ಕೂಡುಮಲೆ, ದೇವತೆಗಳು ಕೂಡಿದ ಬೆಟ್ಟ ಎಂದು ನಾನು ಇತಿಹಾಸ ಶುರುಮಾಡುವಷ್ಟರಲ್ಲಿ ಅತ್ತೆ ವಿಮಾನವನ್ನು ಬಟ್ಟೆಯಲ್ಲಿ ಸುತ್ತಿ ಆಗಿತ್ತು. ನಾವು ನಾಲ್ವರೂ ಬಸ್ಸು ಹತ್ತಿದೆವು.

ದೇವಸ್ಥಾನದ ಮುಂದೆ ಒಂದು ಟ್ರ್ಯಾಕ್ಟರು ಪೂಜೆ ಮುಗಿಸಿಕೊಂಡು ಹೊರಟಿತ್ತು. ಅರ್ಚಕರು ನಮ್ಮನ್ನು ನೋಡಿ, "ಗಾಡಿ ಎಲ್ಲಿ ನಿಲ್ಸಿದೀರಿ?" ಎಂದರು. ನಾನು ಬಟ್ಟೆ ಬಿಚ್ಚಿದೆ. ಅವರು ನಗಲಿಲ್ಲ, ದೊಡ್ಡ ಮನುಷ್ಯ. "ಯಾರ ಹೆಸರಿನಲ್ಲಿದೆ?" ಎಂದು ಕೇಳಿದರು.

"ನಮ್ಮೆಜಮಾನ್ರ ಹೆಸರಲ್ಲಿ ಮಾಡಿ ಸ್ವಾಮಿ. ಅವರ್ದೇ ಗಾಡಿ" ಎಂದರು ಅತ್ತೆ.

ಮಾವನವರು ತಲೆ ತಗ್ಗಿಸಿದರು. ಹೂವು, ಕುಂಕುಮ, ಮಂಗಳಾರತಿ ಎಲ್ಲ ಆಯಿತು. ಕೊನೆಗೆ ಎಡಗಡೆಯ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಎಷ್ಟು ಸಣ್ಣದು ಹುಡುಕಿದರೂ ಹಣ್ಣು ಚಕ್ರಕ್ಕಿಂತ ದೊಡ್ಡದು. ವಿಮಾನ ಬಂಡೆ ಹತ್ತಿದ ಮೇಕೆಯ ಹಾಗೆ ನಿಂತಿತು. "ಇಟ್ಟಿದ್ದೇ ಸಾಕು ಅತ್ತೆ, ಇದು ಓಡೋ ಗಾಡಿಯಲ್ಲ" ಎಂದೆ. "ಹಣ್ಣು ಒಡೀದಿದ್ರೆ ದೃಷ್ಟಿ ಹೋಗೋದು ಹೆಂಗೆ?" ಎಂದವರೇ ಅತ್ತೆ, ಹಪ್ಪಳ ಒತ್ತುವ ಅಂಗೈಯನ್ನು ರೆಕ್ಕೆಯ ಮೇಲಿಟ್ಟು ಭಕ್ತಿಯಿಂದ ಒತ್ತಿದರು.

ಟಕ್ ಎಂದಿತು. ಹಣ್ಣು ಹಣ್ಣಾಗಿಯೇ ಇತ್ತು. ವಿಮಾನದ ಎಡಗಾಲು ಮುರಿದು, ರೆಕ್ಕೆ ಕಲ್ಲುಚಪ್ಪಡಿಗೆ ತಾಗಿತು.

ಅತ್ತೆಯ ಮುಖ ಬಿಳುಚಿತು. "ಅಯ್ಯಯ್ಯೋ, ನನ್ನ ಕೈಗೆ ಬೆಂಕಿ ಹಾಕ" ಎಂದು ಸೆರಗು ಬಾಯಿಗಿಟ್ಟುಕೊಂಡರು. ನನಗೂ ಅಳು ಬರುವಂತಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ನಗು ಕೇಳಿಸಿತು. ಮಾವನವರು! ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಏಂ ಪರ್ವಾಲೇದು" ಎಂದರು. ಪರವಾಗಿಲ್ಲ ಎಂಬುದನ್ನು ಅವರು ಮನಸಾರೆ ಹೇಳುವುದು ತೆಲುಗಿನಲ್ಲೇ. "ಅಳಬೇಡ ಕಣೇ. ಹಿಂಗೇ ಕಾಲು ಮುರ್ಕೊಂಡು ಬರೋವು ನಮ್ಮ ವಿಮಾನಗಳು. ವಾಪಸ್ ಬಂತಲ್ಲಾ, ಅದೇ ನಮಗೆ ಹಬ್ಬ. ಕೊಡಿ ಇಲ್ಲಿ ಮೇಷ್ಟ್ರೇ."

ಟವೆಲಿನ ಕೆಳಗಿಂದ ಎರಡೂ ಕೈ ಆಚೆ ಬಂದವು. ನಡುಗುತ್ತಲೇ ಇದ್ದವು. ಬಸ್ಸಿನಲ್ಲಿ ಉದ್ದಕ್ಕೂ ವಿಮಾನವನ್ನು ತೊಡೆಯ ಮೇಲೆ ಅವರೇ ಹಿಡಿದುಕೊಂಡರು, ಮುರಿದ ಕಾಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬರೀ ಅಂಟು ನಿಲ್ಲಲ್ಲ. ಒಳಗೊಂದು ಉಕ್ಕಿನ ಸೂಜಿ ಕೂರಿಸ್ಬೇಕು. ಸರೋಜಾ, ನಾಳೆ ಊರಿಗೆ ಬಂದು ಅಟ್ಟದಿಂದ ಪೆಟ್ಟಿಗೆ ಇಳಿಸ್ಕೊಡಮ್ಮ" ಎಂದರು. ಸರೋಜ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಅವಳ ಭುಜ ಅಲ್ಲಾಡುತ್ತಿತ್ತು.

ಮಾರನೆಯ ದಿನ ನಾನು ಕಂಡದ್ದನ್ನು ವೈದ್ಯರು ಹೇಗೆ ವಿವರಿಸುತ್ತಾರೋ ಗೊತ್ತಿಲ್ಲ. ಸುಮ್ಮನಿದ್ದಾಗ ಕುಣಿಯುವ ಕೈ, ಮೊಣಕೈಯನ್ನು ಮೇಜಿಗೆ ಊರಿ ಹತ್ಯಾರ ಹಿಡಿದಾಗ ತಗ್ಗಿತು. ಪೂರ್ತಿ ನಿಲ್ಲಲಿಲ್ಲ, ತಗ್ಗಿತು. ಅವರು ರಂಧ್ರ ಕೊರೆದರು, ಸೂಜಿ ಕೂರಿಸಿದರು. ನಾನು ವಿಮಾನವನ್ನು ಅಲ್ಲಾಡದಂತೆ ಹಿಡಿದೆ. ಕಾಲು ಕೂದಲೆಳೆಯಷ್ಟು ಓರೆಯಾಗಿ ನಿಂತಿತು. ಸರಿಮಾಡಬೇಕೇ ಎಂದು ಕೇಳಿದೆ. "ಬೇಡ. ಕೆಲಸ ಮಾಡಿದ ಗುರುತು ಇರ್ಲಿ" ಎಂದರು.

ಆಯುಧಪೂಜೆಯ ಮಾರನೆಯ ದಿನ ಮಾಲೂರಿನ ತಮ್ಮನ ಮಗ ಚೀಲ ಹಿಡಿದುಕೊಂಡೇ ಬಂದ. ಹಬ್ಬದ ಊಟ ಮಾಡಿದ, ಚೀಲ ತುಂಬ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಹೊತ್ತು ವಾಪಸಾದ. ಪೆಟ್ಟಿಗೆ ಈಗ ಅಟ್ಟದಲ್ಲಿಲ್ಲ, ಮಂಚದ ಕೆಳಗಿದೆ. ಪಕ್ಕದ ಮನೆಯವರ ಹೊಲಿಗೆ ಯಂತ್ರ ಮತ್ತೆ ಬಾಗಿಲಿಗೆ ಬರತೊಡಗಿದೆ. ಕಾಫಿ ಈಗಲೂ ಆಗಾಗ ಚೆಲ್ಲುತ್ತದೆ, ಒರೆಸಿಕೊಳ್ಳುತ್ತಾರೆ. ಟವೆಲಿಗೆ ಈಗ ಆ ಕೆಲಸ.

ವಿಮಾನ ನೋಡಲು ಬಂದವರು ಒಳಗಿನ ಚೈನನ್ನಾಗಲಿ, ಪಕ್ಕೆಲುಬು ತೊಳೆದ ಮೀಟರನ್ನಾಗಲಿ ಕೇಳುವುದಿಲ್ಲ. "ಇದ್ಯಾಕೆ ವಾಲಿದೆ?" ಎಂದೇ ಕೇಳುತ್ತಾರೆ. ಅತ್ತೆಗೆ ಇವತ್ತಿಗೂ ನಾಚಿಕೆ. ಹೋದ ಆಯುಧಪೂಜೆಗೆ ಪೆಟ್ಟಿಗೆಗೆ ಕುಂಕುಮವಿಟ್ಟು, ಮನೆಯ ಸೈಕಲ್ಲಿಗೆ ನಿಂಬೆಹಣ್ಣಿಟ್ಟು, ವಿಮಾನದ ಹತ್ತಿರ ಬಂದು ಹಣ್ಣನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟರು. ಮಂಚದ ಮೇಲೆ ಕೂತು ಸ್ಕ್ರೂಡ್ರೈವರ್ ಒರೆಸುತ್ತಿದ್ದ ಮಾವನವರು ಕನ್ನಡಕದ ಮೇಲಿಂದ ನೋಡಿದರು.

"ಇಡೇ, ಹೆದರ್ಬೇಡ" ಎಂದರು. "ಬಲಗಾಲು ಇನ್ನೂ ಗಟ್ಟಿಯಾಗೇ ಇದೆ. ಅದರ ಕೆಳಗಿಟ್ಟು ಒತ್ತು."